ಇಲಿಗಳಿಲ್ಲದ ದ್ವೀಪ

ಸೌತ್ ಜಾರ್ಜಿಯಾಕ್ಕೆ ಹೋಗಿ ಬಂದ ಮೇಲೆ ಸಿಕ್ಕವರೆಲ್ಲ ಕೇಳುವುದು ಪೆಂಗ್ವಿನ್‌ಗಳ ಬಗ್ಗೆ. ಎಷ್ಟಿದ್ದವು, ಹತ್ತಿರ ಬಂದವಾ, ವಾಸನೆ ಹೇಗಿತ್ತು. ಎಲ್ಲಕ್ಕೂ ಖುಷಿಯಿಂದಲೇ ಉತ್ತರ ಹೇಳುತ್ತೇನೆ. ಆದರೆ ನನ್ನ ತಲೆಯಲ್ಲಿ ಕೊರೆಯುತ್ತಿರುವುದು ಬೇರೆ ವಿಷಯ. ನಾವು ಹೋಗಿದ್ದು ಐಷಾರಾಮಿ ಎಕ್ಸ್‌ಪೆಡಿಷನ್ ಹಡಗಿನಲ್ಲಿ. ಮನುಷ್ಯರ ಕೈ ಸೋಕದ ಲೋಕಕ್ಕೆ ಕರೆದೊಯ್ಯುತ್ತೇವೆ ಅಂತ ಅವರ ಪುಸ್ತಿಕೆಯ ಮೊದಲ ಪುಟದಲ್ಲೇ ಇತ್ತು. ನಾನು ದುಡ್ಡು ಕಟ್ಟಿದ್ದೂ ಆ ಮಾತು ನಂಬಿಯೇ. ಅಲ್ಲಿ ಇಳಿದ ಪ್ರತಿ ದಡದಲ್ಲೂ ಕಂಡಿದ್ದು ಮನುಷ್ಯರ ಕೈಯ ಗುರುತು. ಮೊದಲು ಹಾಳು ಮಾಡಿದವರದ್ದು, ಎಷ್ಟೋ ವರ್ಷಗಳ ಮೇಲೆ ಸರಿ ಮಾಡಲು ಬಂದವರದ್ದು. ಜಾಹೀರಾತಲ್ವಾ, ಹಾಗೇ ಬರೆಯುತ್ತಾರೆ ಅಂತ ಬಿಟ್ಟುಬಿಡಬಹುದು. ನನಗೆ ಬಿಡಲಾಗುತ್ತಿಲ್ಲ. ಆ ದ್ವೀಪದಲ್ಲಿ ನನ್ನ ಮನಸ್ಸು ಹಿಡಿದಿಟ್ಟ ಒಂದೊಂದು ಜೀವಿಯೂ ಒಮ್ಮೆ ಮುಗಿದೇ ಹೋಯಿತು ಅನ್ನುವ ಸ್ಥಿತಿಗೆ ಬಂದು, ತಿರುಗಿ ಬದುಕಿಕೊಂಡದ್ದು. ಆ ಕಥೆಯನ್ನು ಮುಚ್ಚಿಟ್ಟು ಮಾರುವುದು ಆ ಜೀವಿಗಳಿಗೂ ಅನ್ಯಾಯ, ಅವನ್ನು ಉಳಿಸಿದವರಿಗೂ ಅನ್ಯಾಯ ಅಂತ ನನಗೆ ಅನಿಸುತ್ತದೆ.

ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ಸ್ ದ್ವೀಪಗಳನ್ನು ದಾಟಿ ಸುಮಾರು 1,400 ಕಿಲೋಮೀಟರ್ ಹೋದರೆ ಈ ದ್ವೀಪ. ಉದ್ದ ಸುಮಾರು 170 ಕಿಲೋಮೀಟರ್, ನಡುವೆ ಹಿಮ ಹೊತ್ತ ಬೆಟ್ಟಗಳ ಸಾಲು. ಆಡಳಿತ ಬ್ರಿಟನ್ನಿನದು. ಕಾಯಂ ನಿವಾಸಿಗಳು ಯಾರೂ ಇಲ್ಲ, ಸರ್ಕಾರದ ಮತ್ತು ಸಂಶೋಧನಾ ಕೇಂದ್ರದ ಕೆಲವೇ ಸಿಬ್ಬಂದಿ ಇರುತ್ತಾರೆ. ದಾರಿಯಲ್ಲಿ ಒಂದು ಕಡೆ ಅಂಟಾರ್ಕ್ಟಿಕದ ತಣ್ಣನೆಯ ನೀರು ಉತ್ತರದ ಬೆಚ್ಚಗಿನ ನೀರಿನ ಕೆಳಗೆ ನುಗ್ಗುತ್ತದೆ. ಅಲ್ಲಿ ಸಮುದ್ರದ ಉಷ್ಣತೆ ಸರಕ್ಕನೆ ಇಳಿಯುತ್ತದೆ, ಮಂಜು ಕವಿಯುತ್ತದೆ. ಆ ಗೆರೆ ದಾಟಿದ ಮೇಲೆ ಹಕ್ಕಿಗಳು ಜಾಸ್ತಿಯಾದವು. ತಣ್ಣೀರಿನಲ್ಲಿ ಕ್ರಿಲ್ ಹೇರಳ. ಕ್ರಿಲ್ ಅಂದರೆ ಸಣ್ಣ ಸಿಗಡಿಯಂಥ ಜೀವಿ. ತಿಮಿಂಗಿಲ, ಸೀಲ್, ಪೆಂಗ್ವಿನ್ ಎಲ್ಲವೂ ಒಂದಲ್ಲ ಒಂದು ರೀತಿ ಅದನ್ನು ನೆಚ್ಚಿಕೊಂಡಿವೆ. ವಾಂಡರಿಂಗ್ ಆಲ್ಬಟ್ರಾಸ್ ಒಂದು ಮಧ್ಯಾಹ್ನವಿಡೀ ಹಡಗಿನ ಹಿಂದೆಯೇ ಬಂತು. ಅದರ ರೆಕ್ಕೆ ಬಿಚ್ಚಿದರೆ ಮೂರು ಮೀಟರಿಗೂ ಮೇಲೆ. ನಾನು ನೋಡಿದಷ್ಟು ಹೊತ್ತೂ ಒಂದು ಸಲವೂ ಅದು ರೆಕ್ಕೆ ಬಡಿಯಲಿಲ್ಲ.

ಚಿಮಟ ಹಿಡಿದ ಪ್ರಯಾಣಿಕರು

ಹಡಗಿನ ಲೌಂಜ್ ಬಗ್ಗೆ ಹೇಳಲೇಬೇಕು. ಕಾಲು ಹೂತುಹೋಗುವ ಕಾರ್ಪೆಟ್, ಒಂದು ಮೂಲೆಯಲ್ಲಿ ಪಿಯಾನೊ, ಕೇಳಿದ್ದು ತಂದುಕೊಡುವ ಬಾರ್. ದ್ವೀಪ ಮುಟ್ಟುವ ಹಿಂದಿನ ದಿನ ಅಲ್ಲಿ ವ್ಯಾಕ್ಯೂಮ್ ಕ್ಲೀನರ್‌ಗಳು ಬಂದವು. ನೆಲಕ್ಕೆ ಪ್ಲಾಸ್ಟಿಕ್ ಹಾಸಿದರು. ಎಲ್ಲರೂ ತಮ್ಮ ಜಾಕೆಟ್, ಬೂಟು, ಕ್ಯಾಮೆರಾ ಬ್ಯಾಗ್, ಟ್ರೈಪಾಡ್, ಊರುಗೋಲು ಎಲ್ಲ ತರಬೇಕು. ಜೇಬು ಒಳಗು ಹೊರಗು ಮಾಡಬೇಕು. ಹೊಲಿಗೆಯ ಸಂದಿಯನ್ನೂ ಬಿಡುವಂತಿಲ್ಲ.

ನನ್ನ ಪಕ್ಕ ಒಂದು ವಯಸ್ಸಾದ ಜೋಡಿ ಕೂತಿತ್ತು. ಗಂಡ ಕಣ್ಣಿನ ಡಾಕ್ಟರಾಗಿ ನಿವೃತ್ತರಾದವರು. ಹೆಂಡತಿಯ ಕೈಗವಸನ್ನು ಟೇಬಲ್ ದೀಪದ ಕೆಳಗಿಟ್ಟು, ಕನ್ನಡಕ ಹಣೆಗೇರಿಸಿ, ಚಿಮಟದಿಂದ ವೆಲ್ಕ್ರೋ ಪಟ್ಟಿಯ ಒಂದೊಂದೇ ಎಳೆ ಕೀಳುತ್ತಿದ್ದರು. ಬಟ್ಟೆಯ ನೂಲು, ನಾಯಿಯ ಕೂದಲು, ಮತ್ತೆ ನೂಲು. ಆಮೇಲೆ ಒಂದು ಹುಲ್ಲಿನ ಬೀಜ. ಕಂದು ಬಣ್ಣ, ಅಕ್ಕಿಕಾಳಿಗಿಂತ ಸಣ್ಣದು, ಹಿಂದೆ ತಿರುಚಿದ ಒಂದು ಮುಳ್ಳುಬಾಲ. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಗೈಡ್ ಹತ್ತಿರ ಹೋದರು. ಗೈಡ್ ಅದನ್ನು ಅಂಟುಪಟ್ಟಿಗೆ ಒತ್ತಿ ಎಲ್ಲರಿಗೂ ತೋರಿಸಿದರು. ಆ ಬಾಲ ಇರುವುದೇ ಬಟ್ಟೆಗೋ ತುಪ್ಪಳಕ್ಕೋ ಸಿಕ್ಕಿಕೊಂಡು ದೂರ ಹೋಗಲು ಅಂದರು. ಹಿಮನದಿ ಹಿಂದೆ ಸರಿದ ಕಡೆಯೆಲ್ಲ ಈಗ ಬರಿ ನೆಲ ಬಿದ್ದಿದೆ, ಇದೊಂದು ಅಲ್ಲಿ ಬಿದ್ದರೆ ಸಾಕು ಅಂದರು. ಅಲ್ಲಿಯವರೆಗೆ ಲೌಂಜಿನಲ್ಲಿ ಹರಟೆ ನಡೆಯುತ್ತಿತ್ತು. ಆ ಬೀಜ ಕೈಯಿಂದ ಕೈಗೆ ಹೋದ ಮೇಲೆ ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ಬೂಟು ಕೆದಕತೊಡಗಿದರು. ಈ ಪರೀಕ್ಷೆ ಹೆಸರಿಗೆ ಮಾಡುವಂಥದ್ದೂ ಅಲ್ಲ. ದ್ವೀಪದ ಸರ್ಕಾರದ ಅಧಿಕಾರಿಯೇ ಹಡಗಿಗೆ ಬಂದು ಬೂಟು, ಬಟ್ಟೆ ತಪಾಸಣೆ ಮಾಡುತ್ತಾರೆ. ಅವರಿಗೆ ಒಪ್ಪಿಗೆಯಾಗದಿದ್ದರೆ ಇಳಿಯುವ ಮಾತೇ ಇಲ್ಲ.

ಇಷ್ಟು ದುಬಾರಿ ಹಡಗಿನಲ್ಲಿ ನನಗೆ ಸಿಕ್ಕ ಅತ್ಯಂತ ಬೆಲೆಯುಳ್ಳ ಗಂಟೆ ಅದು ಅಂತ ಈಗಲೂ ಅನಿಸುತ್ತದೆ. ಅದುವರೆಗೆ ನಾವು ಅತಿಥಿಗಳು. ಎಲ್ಲವನ್ನೂ ಬೇರೆಯವರು ಮಾಡಿಕೊಡುತ್ತಿದ್ದರು. ಈ ಒಂದು ಕೆಲಸ ಮಾತ್ರ ನಾವೇ ಮಾಡಬೇಕಿತ್ತು.

ಪಿಪಿಟ್

ದ್ವೀಪದ ಸಾಲ್ಸ್‌ಬರಿ ಪ್ಲೇನ್ ಎಂಬ ಕರಾವಳಿ ಬಯಲಿನಲ್ಲಿ ಸುಮಾರು 60,000 ಜೋಡಿ ಕಿಂಗ್ ಪೆಂಗ್ವಿನ್‌ಗಳಿವೆ. ಕಿಂಗ್ ಪೆಂಗ್ವಿನ್ ಗೂಡು ಕಟ್ಟುವುದಿಲ್ಲ. ಒಂದೇ ಮೊಟ್ಟೆ. ಅದನ್ನು ಪಾದದ ಮೇಲಿಟ್ಟು ಹೊಟ್ಟೆಯ ಮಡಿಕೆಯಲ್ಲಿ ಮುಚ್ಚಿಕೊಳ್ಳುತ್ತದೆ. ಒಂದು ಮರಿ ಬೆಳೆಸಿ ಮುಗಿಸಲು ವರ್ಷಕ್ಕೂ ಜಾಸ್ತಿ ಬೇಕು. ಹಾಗಾಗಿ ಯಾವಾಗ ಹೋದರೂ ದಡದಲ್ಲಿ ಯಾವುದೋ ಒಂದು ಹಂತದ ಸಂಸಾರ ನಡೆದೇ ಇರುತ್ತದೆ. ನಾವು ಹೋದಾಗ ನವೆಂಬರ್. ಚಳಿಗಾಲ ಕಳೆದ ಮರಿಗಳು ದಪ್ಪ ಕಂದು ತುಪ್ಪಳದಲ್ಲಿ ಸಾಲುಸಾಲಾಗಿ ನಿಂತಿದ್ದವು. ಒಂದು ದೊಡ್ಡ ಪೆಂಗ್ವಿನ್ ಸಮುದ್ರದಿಂದ ಬಂತು. ಹೊಟ್ಟೆ ತುಂಬಿ ನಡಿಗೆ ಭಾರವಾಗಿತ್ತು. ಗುಂಪಿನ ಅಂಚಿಗೆ ಬಂದು ಕತ್ತು ಮೇಲೆತ್ತಿ ಕೂಗಿತು. ಅಷ್ಟು ಸದ್ದಿನ ನಡುವೆ, ಎಲ್ಲೋ ಒಳಗಿಂದ ಒಂದು ಮರಿ ಸೀಟಿ ಹೊಡೆದ ಹಾಗೆ ಉತ್ತರ ಕೊಟ್ಟಿತು. ಎರಡೂ ಕೂಗುತ್ತಾ ಕೂಗುತ್ತಾ ಹತ್ತಿರವಾದವು. ನಡುವೆ ಇನ್ನೊಂದು ಹಸಿದ ಮರಿ ಅಡ್ಡ ಬಂತು, ಕುಕ್ಕಿಸಿಕೊಂಡು ಹಿಂದೆ ಹೋಯಿತು. ಇವುಗಳಿಗೆ ತಮ್ಮವರು ಯಾರು ಅನ್ನುವುದು ಗೊತ್ತಾಗುವುದು ದನಿಯಿಂದ.

ಇದನ್ನೇ ನೋಡುತ್ತಾ ನಿಂತಿದ್ದೆವು. ಅಷ್ಟರಲ್ಲಿ ನಮ್ಮ ಗೈಡ್ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು. ಪೆಂಗ್ವಿನ್‌ಗಳಿಗೆ ಬೆನ್ನು ಹಾಕಿ ಹಿಂದಿನ ಹುಲ್ಲಿನ ಗುಡ್ಡದ ಕಡೆ ತಿರುಗಿದರು. "ಅಲ್ಲಿ, ಆ ಹುಲ್ಲಿನ ಮೇಲೆ. ಕೇಳಿ," ಅಂದರು. ನನಗೆ ಏನೂ ಕಾಣಲಿಲ್ಲ. ಆಮೇಲೆ ಟಸಕ್ ಹುಲ್ಲಿನ ಗುಪ್ಪೆಯಿಂದ ಒಂದು ಪುಟ್ಟ ಕಂದು ಹಕ್ಕಿ ಮೇಲೆದ್ದಿತು. ಗಾಳಿಗೆ ಎದುರಾಗಿ ರೆಕ್ಕೆ ಬಡಿಯುತ್ತಾ ಒಂದೇ ಸಮನೆ ಹಾಡಿತು. ಮೈಮೇಲೆ ಗೆರೆಗೆರೆ, ತೆಳ್ಳನೆಯ ಕಾಲು, ಬೇರೆಲ್ಲಾದರೂ ಕಂಡಿದ್ದರೆ ತಿರುಗಿಯೂ ನೋಡುತ್ತಿರಲಿಲ್ಲವೇನೋ. ಸೌತ್ ಜಾರ್ಜಿಯಾ ಪಿಪಿಟ್. ಜಗತ್ತಿನಲ್ಲಿ ಈ ದ್ವೀಪ ಬಿಟ್ಟು ಬೇರೆಲ್ಲೂ ಇಲ್ಲ. ಅಂಟಾರ್ಕ್ಟಿಕ ಪ್ರದೇಶದ ಒಂದೇ ಒಂದು ಹಾಡುಹಕ್ಕಿ. ಗೈಡ್ ಎಷ್ಟೋ ವರ್ಷ ಹಿಂದೆ ಇದೇ ಗುಡ್ಡ ಹತ್ತಿದ್ದರಂತೆ. ಆಗ ಇಲ್ಲಿ ಈ ದನಿ ಇರಲಿಲ್ಲ ಅಂದರು. ಹೇಳುವಾಗ ಅವರ ಕಣ್ಣು ತುಂಬಿತ್ತು. ನಾನು ಆಮೇಲೆ ಪೆಂಗ್ವಿನ್ ಕಡೆ ತಿರುಗಲು ತುಂಬ ಹೊತ್ತಾಯಿತು.

ಕಾರಣ ಇಲಿ. 1775ರಲ್ಲಿ ಕ್ಯಾಪ್ಟನ್ ಕುಕ್ ಇಲ್ಲಿ ಇಳಿದು, ಸೀಲ್‌ಗಳಿವೆ ಎಂದು ಬರೆದ. ಅದನ್ನು ಓದಿ ಚರ್ಮದ ವ್ಯಾಪಾರದ ಹಡಗುಗಳು ಬಂದವು. ಹಡಗಿನ ಜೊತೆ ಇಲಿಗಳೂ ಬಂದವು. ಇಲ್ಲಿನ ಹಕ್ಕಿಗಳಿಗೆ ನೆಲದ ಮೇಲೆ ಓಡಾಡಿ ಬೇಟೆಯಾಡುವ ಪ್ರಾಣಿಯೇ ಗೊತ್ತಿರಲಿಲ್ಲ. ಪಿಪಿಟ್ ಗೂಡು ಕಟ್ಟುವುದು ಹುಲ್ಲಿನ ಬುಡದಲ್ಲಿ. ಪೆಟ್ರೆಲ್, ಪ್ರಿಯಾನ್‌ನಂಥ ಕಡಲ ಹಕ್ಕಿಗಳು ಮೊಟ್ಟೆ ಇಡುವುದು ನೆಲದ ಬಿಲದಲ್ಲಿ. ಇಲಿಗಳಿಗೆ ಮೊಟ್ಟೆ, ಮರಿ ಎಲ್ಲ ಕೈಗೆಟುಕುವಂತೆ ಸಿಕ್ಕವು. ಇನ್ನೂರು ವರ್ಷಗಳಲ್ಲಿ ಪಿಪಿಟ್ ಇಲಿ ಇಲ್ಲದ ಪುಟ್ಟ ನಡುಗಡ್ಡೆಗಳಿಗೆ ಮತ್ತು ದಕ್ಷಿಣದ ಚೂರು ಕರಾವಳಿಗೆ ಸರಿದುಬಿಟ್ಟಿತು.

ಸೌತ್ ಜಾರ್ಜಿಯಾ ಹೆರಿಟೇಜ್ ಟ್ರಸ್ಟ್ ಎಂಬ ಒಂದು ಸಣ್ಣ ಸಂಸ್ಥೆ ಇಡೀ ದ್ವೀಪದ ಇಲಿ ತೆಗೆಯಲು ಹೊರಟಿತು. ಹೇಗೆ ಸಾಧ್ಯವಾಯಿತು ಅನ್ನುವುದು ಕುತೂಹಲದ ವಿಷಯ. ಸಮುದ್ರದವರೆಗೆ ಇಳಿದ ಹಿಮನದಿಗಳು ದ್ವೀಪವನ್ನು ತುಂಡುತುಂಡು ಮಾಡಿದ್ದವು. ಇಲಿಗಳಿಗೆ ಹಿಮನದಿ ದಾಟಲು ಆಗುತ್ತಿರಲಿಲ್ಲ. ಒಂದು ತುಂಡು ಮುಗಿಸಿ ಇನ್ನೊಂದಕ್ಕೆ ಹೋಗಬಹುದಿತ್ತು. ಆದರೆ ಹಿಮನದಿಗಳೇ ಕರಗಿ ಹಿಂದೆ ಸರಿಯುತ್ತಿದ್ದವು. ತಡ ಮಾಡಿದರೆ ಗೋಡೆಗಳೇ ಇಲ್ಲವಾಗುತ್ತಿದ್ದವು. 2011, 2013, 2015ರಲ್ಲಿ ಮೂರು ಹಂತಗಳಲ್ಲಿ ಹೆಲಿಕಾಪ್ಟರ್‌ಗಳಿಂದ ವಿಷದ ಉಂಡೆ ಚೆಲ್ಲಿದರು. ಒಂದು ಬಸುರಿ ಇಲಿ ಉಳಿದರೂ ಎಲ್ಲ ವ್ಯರ್ಥ. ಆಮೇಲೆ ಕಾದರು. ಇಲಿ ಕಚ್ಚಿದರೆ ಗುರುತು ಬೀಳುವಂಥ ಸಾಧನಗಳನ್ನು ಸಾವಿರಗಟ್ಟಲೆ ನೆಟ್ಟರು. ಇಲಿಯ ವಾಸನೆ ಹಿಡಿಯುವ ನಾಯಿಗಳನ್ನು ಕರೆತಂದು ಕರಾವಳಿ ಸುತ್ತಿಸಿದರು. 2018ರ ಮೇ ತಿಂಗಳಲ್ಲಿ ದ್ವೀಪದಲ್ಲಿ ಇಲಿ ಇಲ್ಲ ಎಂದು ಘೋಷಿಸಿದರು. ಖರ್ಚು ಸುಮಾರು 1 ಕೋಟಿ ಪೌಂಡ್. ಅದರಲ್ಲಿ ಜನ ಕೊಟ್ಟ ದೇಣಿಗೆಯೂ ಇದೆ. ಈ ಕೆಲಸದಲ್ಲಿ ವಿಷ ತಿಂದು ಸತ್ತ ಬಾತು, ಸ್ಕುವಾ ಹಕ್ಕಿಗಳೂ ಇವೆ. ನಾರ್ವೆಯವರು 1911ರಲ್ಲಿ ತಂದು ಬಿಟ್ಟಿದ್ದ ಹಿಮಸಾರಂಗಗಳ ಸಂತತಿಯನ್ನೂ ಕೊಲ್ಲಬೇಕಾಯಿತು, 6,600ಕ್ಕೂ ಜಾಸ್ತಿ. ಅವುಗಳದ್ದೇನೂ ತಪ್ಪಿರಲಿಲ್ಲ. ಸರಿ ಮಾಡುವುದೂ ಸುಲಭದ, ನೋವಿಲ್ಲದ ಕೆಲಸವಲ್ಲ. ಹಾಗಿದ್ದೂ ನಾನು ಅದರ ಪರವೇ.

ರಟ್ಟಿನ ಡಬ್ಬ

ದ್ವೀಪದ ಹತ್ತಿರ ಇರುವಷ್ಟು ರಾತ್ರಿಗಳೂ ಕಿಟಕಿಯ ಪರದೆ ಕಡ್ಡಾಯವಾಗಿ ಎಳೆಯಬೇಕು. ಡೆಕ್ ದೀಪ ಆರಿಸುತ್ತಾರೆ. ಬಿಲದ ಹಕ್ಕಿಗಳು ಗೂಡಿಗೆ ಹಿಂದಿರುಗುವುದು ಕತ್ತಲಲ್ಲಿ. ಮಂಜಿನಲ್ಲಿ ಬೆಳಕು ಕಂಡರೆ ದಿಕ್ಕು ತಪ್ಪಿ ಹಡಗಿಗೆ ಬಡಿದುಕೊಳ್ಳುತ್ತವೆ. ಒಂದು ರಾತ್ರಿ ಅಷ್ಟು ಜಾಗ್ರತೆಯ ನಡುವೆಯೂ ಒಂದು ಡೈವಿಂಗ್ ಪೆಟ್ರೆಲ್ ಬಿದ್ದಿತ್ತು. ಸಿಬ್ಬಂದಿಯೊಬ್ಬರು ಅದನ್ನು ರಟ್ಟಿನ ಡಬ್ಬದಲ್ಲಿಟ್ಟುಕೊಂಡಿದ್ದರು. ಮುಚ್ಚಳ ಸ್ವಲ್ಪ ಸರಿಸಿ ಕ್ಷಣಮಾತ್ರ ತೋರಿಸಿದರು. ಬೊಗಸೆಯಲ್ಲಿ ಹಿಡಿಯುವಷ್ಟು ಮೈ, ಗಿಡ್ಡ ರೆಕ್ಕೆ, ನೀಲಿ ಪಾದ. ಒದ್ದೆಯಾಗಿತ್ತು, ಎದೆ ಬೇಗ ಬೇಗ ಏರಿಳಿಯುತ್ತಿತ್ತು. ಮೈ ಒಣಗಿದ ಮೇಲೆ, ಹಡಗು ದಡದಿಂದ ದೂರ ಇರುವಾಗ, ಕತ್ತಲಲ್ಲೇ ಬಿಟ್ಟರು. ಇಲಿ ಹೋದ ಮೇಲೆ ಈ ಹಕ್ಕಿಗಳು ದೊಡ್ಡ ದ್ವೀಪದ ಬಿಲಗಳಿಗೆ ಮರಳುತ್ತಿವೆ. ಅಂಥ ಹೊತ್ತಿನಲ್ಲಿ ನಮ್ಮ ಬೆಳಕಿಗೆ ಅವು ಬಲಿಯಾಗಬಾರದಲ್ವಾ. ಐಷಾರಾಮದ ಹಡಗು ಕತ್ತಲಲ್ಲಿ ಮುಳುಗಿ ಕೂತದ್ದು ನನಗೆ ಬಹಳ ಹಿಡಿಸಿತು.

ಗ್ರಿಟ್‌ವಿಕೆನ್

ಈ ದ್ವೀಪಕ್ಕೆ ಬರುವವರಲ್ಲಿ ಬಹಳ ಜನ ಅಂಟಾರ್ಕ್ಟಿಕ ಅನ್ವೇಷಕ ಶ್ಯಾಕಲ್ಟನ್‌ಗಾಗಿ ಬರುತ್ತಾರೆ. 1916ರಲ್ಲಿ ಎಲಿಫೆಂಟ್ ದ್ವೀಪದಿಂದ ಸಣ್ಣ ದೋಣಿಯಲ್ಲಿ ಬಂದು, ಇನ್ನಿಬ್ಬರ ಜೊತೆ ಬೆಟ್ಟ ದಾಟಿ ಸ್ಟ್ರಾಮ್‌ನೆಸ್ ತಲುಪಿ, ಬಿಟ್ಟು ಬಂದ ತನ್ನವರನ್ನೆಲ್ಲ ಉಳಿಸಿಕೊಂಡ ಕಥೆ. 1922ರಲ್ಲಿ ಮತ್ತೆ ಬಂದಾಗ ಹಡಗಿನಲ್ಲೇ ತೀರಿಕೊಂಡ. ಸಮಾಧಿ ಗ್ರಿಟ್‌ವಿಕೆನ್‌ನಲ್ಲಿದೆ. ಪ್ರವಾಸಿಗಳು ಅಲ್ಲಿ ವಿಸ್ಕಿ ಎತ್ತಿ ನಮಸ್ಕಾರ ಹೇಳುತ್ತಾರೆ. ನಾನೂ ನಿಂತೆ, ಗೌರವದಿಂದಲೇ.

ಆದರೆ ಸ್ಟ್ರಾಮ್‌ನೆಸ್‌ನಲ್ಲಿ ಅವನನ್ನು ಒಳಗೆ ಕರೆದು ಬಿಸಿನೀರು, ಊಟ ಕೊಟ್ಟವರು ತಿಮಿಂಗಿಲ ಕಾರ್ಖಾನೆಯ ಜನ. ಆ ಜೀವಗಳು ಉಳಿದದ್ದು ಆ ಕಾರ್ಖಾನೆ ಇದ್ದುದರಿಂದ. ಅದೇ ಕಾರ್ಖಾನೆಗಳು ಈ ಸಮುದ್ರವನ್ನು ಬರಿದು ಮಾಡಿದವು. 1904ರಲ್ಲಿ ಕಾರ್ಲ್ ಆಂಟನ್ ಲಾರ್ಸೆನ್ ಗ್ರಿಟ್‌ವಿಕೆನ್‌ನಲ್ಲಿ ಮೊದಲನೆಯದನ್ನು ಕಟ್ಟಿದ. 1965ರ ಹೊತ್ತಿಗೆ ದ್ವೀಪದ ಕಾರ್ಖಾನೆಗಳಲ್ಲಿ ಕತ್ತರಿಸಿದ ತಿಮಿಂಗಿಲಗಳ ಲೆಕ್ಕ 1,75,250. ಸಾಬೂನಿಗೆ, ಮಾರ್ಗರೀನ್‌ಗೆ ಎಣ್ಣೆ. ತುಕ್ಕು ಹಿಡಿದ ಬಾಯ್ಲರ್‌ಗಳು, ಎಣ್ಣೆ ಟ್ಯಾಂಕುಗಳು ಇನ್ನೂ ಅಲ್ಲೇ ನಿಂತಿವೆ. ತಿಮಿಂಗಿಲವನ್ನು ಎಳೆದು ಸೀಳುತ್ತಿದ್ದ ಇಳಿಜಾರು ಕಟ್ಟೆಯ ಬಳಿ ನಿಂತರೆ ಎಷ್ಟು ಅಗಲ ಅದು ಅಂತ ಎದೆ ಝಲ್ ಅನ್ನುತ್ತದೆ. ಸಂಜೆಯ ಉಪನ್ಯಾಸಗಳಲ್ಲಿ ಶ್ಯಾಕಲ್ಟನ್‌ಗೆ ಸಿಕ್ಕ ಸಮಯ ತಿಮಿಂಗಿಲಗಳಿಗೆ ಸಿಗಲಿಲ್ಲ. ಅದು ನನಗೆ ಸರಿ ಕಾಣಲಿಲ್ಲ. ಈ ಊರಿನ ಸ್ಮಶಾನದಲ್ಲಿ ಒಬ್ಬ ನಾಯಕನಿದ್ದಾನೆ, ಈ ಕೊಲ್ಲಿಯ ತಳದಲ್ಲಿ ಲೆಕ್ಕವಿಲ್ಲದಷ್ಟು ಎಲುಬುಗಳಿವೆ.

ಅವೂ ಮರಳುತ್ತಿವೆ ಅನ್ನುವುದೇ ಸಮಾಧಾನ. ದಶಕಗಳ ಕಾಲ ಇಲ್ಲಿ ನೀಲಿ ತಿಮಿಂಗಿಲ ಕಂಡರೆ ಅದೊಂದು ಸುದ್ದಿ. 2020ರ ಸಮೀಕ್ಷೆಯೊಂದರಲ್ಲಿ 23 ದಿನಗಳಲ್ಲಿ 55 ನೀಲಿ ತಿಮಿಂಗಿಲಗಳು ಕಂಡವು. ನಾವು ನೋಡಿದ್ದು ಹಂಪ್‌ಬ್ಯಾಕ್ ತಿಮಿಂಗಿಲ ಮಾತ್ರ. ಅಷ್ಟಕ್ಕೇ ಡೆಕ್ ಮೇಲೆ ಜನ ಕೈ ಕೈ ಹಿಡಿದುಕೊಂಡು ನಿಂತಿದ್ದರು.

ಇಳಿಯಲಾಗದ ದಡ

ಒಂದು ಸಂಜೆ ಎಕ್ಸ್‌ಪೆಡಿಷನ್ ಲೀಡರ್ ನಾಳಿನ ಕೊಲ್ಲಿಯಲ್ಲಿ ಇಳಿಯುವುದಿಲ್ಲ ಅಂದರು. ಹಕ್ಕಿ ಜ್ವರ. 2023ರ ಕೊನೆಯಲ್ಲಿ ಅದರ ವೈರಸ್ ಎಚ್5ಎನ್1 ಈ ದ್ವೀಪ ತಲುಪಿತು. ಮೊದಲು ಸ್ಕುವಾಗಳಲ್ಲಿ ಕಂಡಿತು, ಆಮೇಲೆ ಸೀಲ್‌ಗಳಲ್ಲಿ. ಅಂದಿನಿಂದ ದಡದಲ್ಲಿ ಕೂರುವಂತಿಲ್ಲ, ಮಂಡಿ ಊರುವಂತಿಲ್ಲ, ಬ್ಯಾಗ್ ನೆಲಕ್ಕಿಡುವಂತಿಲ್ಲ. ಕೆಲವು ದಡಗಳಿಗೆ ಹೋಗುವಂತೆಯೇ ಇಲ್ಲ. ಲೌಂಜಿನಲ್ಲಿ ಗೊಣಗಾಟ ಎದ್ದಿತು. ಇಷ್ಟು ದುಡ್ಡು ಕೊಟ್ಟು ಬಂದಿದ್ದೇವೆ ಅನ್ನುವ ಮಾತೂ ಬಂತು. ಅಂಥವರನ್ನು ಬೈಯಲು ನನಗೆ ಮನಸ್ಸಿಲ್ಲ. ಒಬ್ಬಾಕೆ ಎಲಿಫೆಂಟ್ ಸೀಲ್ ಮರಿಗಳನ್ನು ನೋಡಬೇಕೆಂದೇ ವರ್ಷಗಟ್ಟಲೆ ಉಳಿಸಿ ಬಂದಿದ್ದರು. ಅವರ ಮುಖ ನೋಡಲಾಗಲಿಲ್ಲ.

ಬೆಳಿಗ್ಗೆ ರಬ್ಬರ್ ದೋಣಿಗಳಲ್ಲಿ ದಡಕ್ಕೆ ಸಮಾನಾಂತರವಾಗಿ, ದೂರದಿಂದಲೇ ಸಾಗಿದೆವು. ಮರಳಿನ ಮೇಲೆ ಕೆಲವು ದೊಡ್ಡ ದೇಹಗಳು ಅಲುಗಾಡದೆ ಬಿದ್ದಿದ್ದವು. ಒಂದರ ಮೇಲೆ ಜಯಂಟ್ ಪೆಟ್ರೆಲ್ ಕೂತಿತ್ತು, ಕತ್ತಿನವರೆಗೂ ರಕ್ತ. ಅವುಗಳ ನಡುವೆಯೇ ಬದುಕಿದ ಮರಿಗಳೂ ಇದ್ದವು. ಎಲಿಫೆಂಟ್ ಸೀಲ್ ತಾಯಿ ಸುಮಾರು ಮೂರು ವಾರ ಏನೂ ತಿನ್ನದೆ ಹಾಲೂಡಿಸಿ, ಮರಿಯನ್ನು ದಡದಲ್ಲೇ ಬಿಟ್ಟು ಸಮುದ್ರಕ್ಕೆ ಹೋಗಿಬಿಡುತ್ತದೆ. ಈಜುವುದನ್ನು ಮರಿ ತಾನೇ ಕಲಿಯಬೇಕು. ಅಂಥದೊಂದು ಮರಿ ಆಳವಿಲ್ಲದ ನೀರಿನಲ್ಲಿ ಕಲಿಯುತ್ತಾ ನಮ್ಮ ದೋಣಿಯತ್ತ ಬಂತು. ಮೂಗು ನೀರಿನ ಮೇಲೆ, ದುಂಡಗಿನ ಕಪ್ಪು ಕಣ್ಣು, ಮೀಸೆಯ ತುದಿಯಲ್ಲಿ ಹನಿ. ಅದಕ್ಕೆ ನಮ್ಮ ಬಗ್ಗೆ ಭಯವೇ ಇಲ್ಲ. ದೋಣಿ ನಡೆಸುವವರು ಎಂಜಿನ್ ಹಿಂದಕ್ಕೆ ಹಾಕಿ ದೂರ ಸರಿದರು. ಅದು ಬಂದಷ್ಟೂ ನಾವು ಸರಿದೆವು. ಹಿಂದಿನ ಸಂಜೆ ಮುಖ ಬಾಡಿಸಿಕೊಂಡಿದ್ದ ಆಕೆ ನನ್ನ ಎದುರಿಗೇ ಕೂತಿದ್ದರು. ಕ್ಯಾಮೆರಾ ತೊಡೆಯ ಮೇಲೇ ಇತ್ತು, ಎತ್ತಲಿಲ್ಲ.

ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯ ವಿಜ್ಞಾನಿಗಳು ಡ್ರೋನ್ ಚಿತ್ರಗಳಿಂದ ಮಾಡಿದ ಎಣಿಕೆ ನಾನು ಓದಿದ್ದು ವಾಪಸ್ ಬಂದ ಮೇಲೆ. ದ್ವೀಪದ ಮೂರು ದೊಡ್ಡ ನೆಲೆಗಳಲ್ಲಿ ಮರಿ ಹಾಕಲು ಬರುವ ಹೆಣ್ಣು ಎಲಿಫೆಂಟ್ ಸೀಲ್‌ಗಳ ಸಂಖ್ಯೆ 2022ರಿಂದ 2024ರ ನಡುವೆ ಶೇ 47ರಷ್ಟು ಇಳಿದಿದೆ. ನೂರು ತಾಯಂದಿರಿದ್ದ ಕಡೆ ಐವತ್ತಮೂರು. ಇಲಿಯನ್ನು ಹೆಲಿಕಾಪ್ಟರ್ ತಂದು ಓಡಿಸಬಹುದು. ರೆಕ್ಕೆಯ ಮೇಲೆ ಬಂದ ವೈರಸ್ಸನ್ನು ಏನು ಮಾಡಲಾದೀತು? ಬಾಗಿಲು ಕಾಯುವುದೊಂದೇ ನಮ್ಮ ಕೈಲಿರುವುದು. ನಮ್ಮ ಬೂಟಿನಲ್ಲಿ ಅದು ಒಂದು ದಡದಿಂದ ಇನ್ನೊಂದಕ್ಕೆ ಹೋಗದ ಹಾಗೆ ನೋಡಿಕೊಳ್ಳುವುದು.

ಹೋಗಬೇಕಾ?

ಸ್ನೇಹಿತರೊಬ್ಬರು ನೇರವಾಗಿ ಕೇಳಿದರು: ಇಷ್ಟೆಲ್ಲ ಕಾಳಜಿ ಇದ್ದರೆ ಹೋಗದೇ ಇರುವುದೇ ಒಳ್ಳೆಯದಲ್ವಾ? ನ್ಯಾಯವಾದ ಪ್ರಶ್ನೆ. ನೋಡಿ ಬಂದವರೆಲ್ಲ ಆ ಜಾಗದ ರಾಯಭಾರಿಗಳಾಗುತ್ತಾರೆ ಅಂತ ಹಡಗಿನವರು ಹೇಳುತ್ತಾರೆ. ನಾನು ಅದನ್ನು ಪೂರ್ತಿ ಒಪ್ಪಲಾರೆ. ಹಡಗಿನ ಹೊಗೆಗೂ ಲೆಕ್ಕವಿದೆ. ಅಂಟಾರ್ಕ್ಟಿಕ್ ಪರ್ಯಾಯದ್ವೀಪದ ಕುರಿತು 2022ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಮಸಿ ಬಿದ್ದು ಕಪ್ಪಾದ ಹಿಮ ಬೇಗ ಕರಗುತ್ತದೆ, ಒಬ್ಬ ಪ್ರವಾಸಿಯ ಪಾಲಿಗೆ ಸುಮಾರು 83 ಟನ್. ಈ ಸಂಖ್ಯೆಯ ಎದುರು ನನ್ನ ಫೋಟೋಗಳಿಗೆ ಯಾವ ಸಮರ್ಥನೆಯೂ ಇಲ್ಲ.

ಇನ್ನೊಂದು ಕಡೆಯೂ ಇದೆ. ಸೌತ್ ಜಾರ್ಜಿಯಾ ಸರ್ಕಾರದ ಆದಾಯದ ದೊಡ್ಡ ಪಾಲು ಮೀನುಗಾರಿಕೆ ಪರವಾನಗಿಯಿಂದ. ಪ್ರವಾಸಿಗಳ ಶುಲ್ಕವೂ ಸೇರುತ್ತದೆ. 2012ರಲ್ಲಿ ಸುತ್ತಲಿನ 10 ಲಕ್ಷ ಚದರ ಕಿಲೋಮೀಟರಿಗೂ ಮೀರಿದ ಸಮುದ್ರವನ್ನು ಸಂರಕ್ಷಿತ ಎಂದು ಘೋಷಿಸಿದ್ದಾರೆ. ಅದನ್ನು ಕಾಯಲು ದೋಣಿ ಬೇಕು, ಜನ ಬೇಕು, ದುಡ್ಡು ಬೇಕು. ಬೂಟು ನೋಡಲು ಬಂದ ಆ ಅಧಿಕಾರಿಯ ಸಂಬಳಕ್ಕೂ ಎಲ್ಲಿಂದಲೋ ಬರಬೇಕು.

ನನ್ನ ಚಿಂತೆ ಒಟ್ಟು ಸಂಖ್ಯೆಯದು. 1966ರಲ್ಲಿ ಪ್ರವಾಸ ಸಂಘಟಕ ಲಾರ್ಸ್-ಎರಿಕ್ ಲಿಂಡ್‌ಬ್ಲಾಡ್ ಪ್ರವಾಸಿಗಳ ಗುಂಪನ್ನು ಅಂಟಾರ್ಕ್ಟಿಕಕ್ಕೆ ಕರೆದೊಯ್ದಾಗ ಅದು ಬೆರಳೆಣಿಕೆಯ ಜನರ ಸಾಹಸ. 2023-24ರ ಋತುವಿನಲ್ಲಿ ಅಂಟಾರ್ಕ್ಟಿಕಕ್ಕೆ ಹೋದವರು 1.2 ಲಕ್ಷಕ್ಕೂ ಜಾಸ್ತಿ. ಪ್ರವಾಸ ಕಂಪನಿಗಳು 1991ರಲ್ಲಿ ಕಟ್ಟಿಕೊಂಡ ಐಎಎಟಿಒ ಸಂಘದ ನಿಯಮಗಳು ಒಳ್ಳೆಯವೇ. ಒಂದು ಸಲಕ್ಕೆ ದಡದಲ್ಲಿ ನೂರಕ್ಕಿಂತ ಜಾಸ್ತಿ ಜನ ಇರಬಾರದು. 500ಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗು ಯಾರನ್ನೂ ಇಳಿಸಬಾರದು. ಆದರೆ ಇಡೀ ಋತುವಿಗೆ ಇಷ್ಟೇ ಜನ ಎಂಬ ಮಿತಿ ಆ ಖಂಡಕ್ಕೆ ಇಲ್ಲ. ನೂರು ಜನ ಇಳಿದು ಹತ್ತಿ, ಇನ್ನೂ ನೂರು ಜನ, ಮತ್ತೆ ನೂರು. ಆ ಮಿತಿ ಬರಬೇಕು. ಬಂದರೆ ದರ ಏರುತ್ತದೆ, ಸರದಿ ಉದ್ದವಾಗುತ್ತದೆ, ನನ್ನಂಥವರಿಗೆ ಇನ್ನೊಮ್ಮೆ ಅವಕಾಶ ಸಿಗದೇ ಹೋಗಬಹುದು. ಹಾಗಾದರೂ ಬರಲಿ.

ಆ ಸ್ನೇಹಿತರಿಗೆ ಹೇಳಿದ್ದಿಷ್ಟು: ಹೋಗುವುದಾದರೆ ಸಣ್ಣ ಹಡಗು ಹುಡುಕಿ, ಒಂದೇ ಸಲ ಹೋಗಿ. ಬುಕ್ ಮಾಡುವ ಮೊದಲು ಸೂಟ್ ರೂಮಿನ ಬಗ್ಗೆ ಕೇಳಬೇಡಿ. ದಡ ಮುಚ್ಚಿದರೆ ಏನು ಮಾಡುತ್ತೀರಿ, ರಾತ್ರಿ ದೀಪ ಆರಿಸುತ್ತೀರಾ, ತಿಮಿಂಗಿಲಗಳ ಕಥೆ ಹೇಳುವವರು ಹಡಗಿನಲ್ಲಿ ಇದ್ದಾರಾ ಅಂತ ಕೇಳಿ. ಅವರು ಪ್ರಶ್ನೆಗಳನ್ನು ಬರೆದುಕೊಂಡಿದ್ದಾರೆ. ಎರಡು ಕಂಪನಿಗಳಿಗೆ ಕಳಿಸಿಯೂ ಆಗಿದೆ, ಒಂದರಿಂದ ಉತ್ತರ ಬಂದಿದೆ.